ಬೆಕ್ಕಿಗೂ ಲಸಿಕೆ ಬೇಕು

ರಾಗಿ ಮೂಟೆಗೆ ಬೆಕ್ಕೇ ಕಾವಲು. ಬೆಕ್ಕು ಇದ್ದರೆ ಇಲಿಗಳ ಕಾಟ ಕಡಿಮೆ. ಮಕ್ಕಳಿಗೂ ಬೆಕ್ಕು ಅಂದರೆ ಪ್ರೀತಿ. ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾರೆ. ಹಸುವಿಗೆ ಕಾಯಿಲೆ ಬಂದರೆ ನಾವು ದನದ ಆಸ್ಪತ್ರೆಗೆ ಓಡುತ್ತೇವೆ. ಬೆಕ್ಕಿಗೆ ಬಂದರೆ ಮಾತ್ರ 'ಬಿಡು, ಬೆಕ್ಕು ತಾನೆ' ಅಂತೀವಿ.

ಬೆಕ್ಕಿನ ಕೆಲವು ದೊಡ್ಡ ಕಾಯಿಲೆಗಳು ವೈರಸ್‌ನಿಂದ ಬರುತ್ತವೆ. ವೈರಸ್ ಕಣ್ಣಿಗೆ ಕಾಣದ ರೋಗಾಣು.

ಒಂದು ಕಾಯಿಲೆಯಲ್ಲಿ ವಾಂತಿ, ಭೇದಿ ಜೋರು. ಬೆಕ್ಕು ಏನೂ ತಿನ್ನೋದಿಲ್ಲ. ಮರಿಗಳು ಒಂದೆರಡು ದಿನದಲ್ಲೇ ಸಾಯಬಹುದು. ಯಾರೋ ವಿಷ ಹಾಕಿದರು ಅಂತ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೋಗುವವರೂ ಇದ್ದಾರೆ! ಈ ವೈರಸ್ ನೆಲದಲ್ಲಿ, ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸತ್ತ ಮರಿ ಮಲಗಿದ್ದ ಚೀಲವನ್ನು ಸುಟ್ಟುಬಿಡಿ. ನೆಲವನ್ನು ಬ್ಲೀಚಿಂಗ್ ಪುಡಿ ಕದಡಿದ ನೀರಿನಿಂದ ತೊಳೆಯಿರಿ. ಇದು ಮನುಷ್ಯರಿಗೆ ಅಂಟೋದಿಲ್ಲ.

ಇನ್ನೊಂದು ಬೆಕ್ಕಿನ ನೆಗಡಿ. ಸೀನು, ಕಣ್ಣಲ್ಲಿ ಪಿಸುರು. ಒದ್ದೆ ಬಟ್ಟೆಯಿಂದ ಕಣ್ಣು ಒರೆಸಿ. ನಾವು ನುಂಗುವ ಜ್ವರದ ಮಾತ್ರೆ ಮಾತ್ರ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು.

ಎಲ್ಲಕ್ಕಿಂತ ಭಯಂಕರ ರೇಬಿಸ್. ಇದನ್ನೇ ನಾವು ಹುಚ್ಚುನಾಯಿ ರೋಗ ಅನ್ನೋದು. ಹೆಸರು ನಾಯಿಯದು, ಆದರೆ ಬೆಕ್ಕಿಗೂ ಬರುತ್ತದೆ. ರೋಗ ಬಂದ ನಾಯಿ ಕಚ್ಚಿದರೆ ಸಾಕು. ಸಾಧು ಬೆಕ್ಕು ಇದ್ದಕ್ಕಿದ್ದಂತೆ ಮೇಲೆ ಬೀಳುತ್ತದೆ. ಇಲ್ಲವೇ ಮೂಲೆ ಸೇರುತ್ತದೆ, ಜೊಲ್ಲು ಸುರಿಸುತ್ತದೆ. ಅದನ್ನು ಮುಟ್ಟಬೇಡಿ. ಅದು ಕಚ್ಚಿದರೆ, ಪರಚಿದರೆ ನಮಗೂ ರೋಗ ಬರಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಡಾಕ್ಟರೂ ಉಳಿಸಲಾರರು.

ಆದರೆ ಕಚ್ಚಿದ ಕೂಡಲೇ ನೋಡಿಕೊಂಡರೆ ರೋಗ ತಡೆಯಬಹುದು. ಗಾಯವನ್ನು ಸೋಪು ಹಚ್ಚಿ, ನೀರು ಸುರಿದು 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನನ್ನೂ ಮೆತ್ತಬಾರದು. ಮಂತ್ರ ಹಾಕಿಸಲು ಹೋಗಿ ಹೊತ್ತು ಕಳೆಯಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಲಸಿಕೆಗೆ ದುಡ್ಡು ಇಲ್ಲ. ಹೊಟ್ಟೆಗೆ 14 ಸೂಜಿ ಚುಚ್ಚುತ್ತಾರೆ ಅಂತ ಹೆದರುತ್ತೀರಾ? ಆ ಹಳೇ ಮದ್ದು ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ತೋಳಿಗೆ ಹಾಕುತ್ತಾರೆ, ಕೆಲವೇ ಸಲ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಮದ್ದನ್ನೂ ಕೊಡುತ್ತಾರೆ. ಚೀಟಿಯಲ್ಲಿ ಮುಂದಿನ ತಾರೀಖುಗಳನ್ನು ಬರೆದಿರುತ್ತಾರೆ. ಈಗ ನಮಗೇ ಓದಲು ಬರುತ್ತದಲ್ಲ! ಕೂಲಿ ತಪ್ಪಿದರೂ ಸರಿ, ಒಂದು ತಾರೀಖೂ ತಪ್ಪಿಸಬೇಡಿ.

ಬೆಕ್ಕಿಗೂ ರೇಬಿಸ್ ಲಸಿಕೆ ಇದೆ. ಮರಿಗೆ 3 ತಿಂಗಳು ತುಂಬಿದಾಗ ಹಾಕಿಸಬೇಕು. ಆಮೇಲೆ ವರ್ಷಕ್ಕೊಂದು ಸಲ. ವಾಂತಿಭೇದಿ, ನೆಗಡಿ ಕಾಯಿಲೆಗೆ ಬೇರೆ ಲಸಿಕೆ. ಅದನ್ನು ಎರಡು ತಿಂಗಳ ಮರಿಗೇ ಶುರು ಮಾಡುತ್ತಾರೆ. ದನದ ಡಾಕ್ಟರನ್ನು ಕೇಳಿ.

ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗಬೇಡಿ. ಸೂಜಿ ಕಂಡರೆ ಪರಚಿ ಓಡುತ್ತದೆ. ಮುಚ್ಚಳವಿರುವ ಬುಟ್ಟಿಯಲ್ಲಿ ಹಾಕಿ, ಹಗ್ಗ ಕಟ್ಟಿ ಒಯ್ಯಿರಿ.