ದಫ್ತರದಲ್ಲಿ ಸಿಕ್ಕ ತಾಯಿ

ಮೊನ್ನೆ ನಮ್ಮ ಮಗಳು ಶಾಲೆಯಿಂದ ಬಂದವಳೇ ದೊಡ್ಡದೊಂದು ಹಾಳೆ ಹರವಿ, "ಅಪ್ಪಾ, ವಂಶವೃಕ್ಷ ಬರೆಯಬೇಕಂತೆ. ನಿಮ್ಮ ಮುತ್ತಜ್ಜಿಯ ಹೆಸರೇನು?" ಎಂದು ಕೇಳಿದಳು. ಮುತ್ತಜ್ಜನ ಹೆಸರು ಹೇಳಿದೆವು. ಆತನ ತಂದೆಯ ಹೆಸರನ್ನೂ ಹೇಳಿದೆವು. ಮುತ್ತಜ್ಜಿಯ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಊರಿಗೆ ಫೋನು ಮಾಡಿ ದೊಡ್ಡಪ್ಪನವರನ್ನು ವಿಚಾರಿಸಿದರೆ, "ಎಲ್ಲಾರೂ ಅವ್ವ ಅಂತಿದ್ರಪ್ಪಾ, ಹೆಸರು ಹಿಡಿದು ಕರೆದವರು ಯಾರು?" ಎಂದರು. ಆ ಚೌಕ ಖಾಲಿಯೇ ಉಳಿಯಿತು.

ಆಗ ನಮಗೆ ನೆನಪಾದದ್ದು ಅಬ್ರಹಾಂ ಲಿಂಕನ್ನರ ಮನೆತನದ ಕಥೆ. ಲಿಂಕನ್ನರನ್ನು ಅರಿಯದವರಿಲ್ಲ. ಆದರೆ ಅವರ ತಂದೆ ಥಾಮಸ್ ಲಿಂಕನ್, ಅಮೇರಿಕದ ಒಳನಾಡಾದ ಮಿಡ್‌ವೆಸ್ಟ್ ಸೀಮೆಯಲ್ಲಿ ಕಾಡು ಕಡಿದು ಬೇಸಾಯ ಮಾಡಿದ ಸಾಮಾನ್ಯ ರೈತ. ಬಡಗಿ ಕೆಲಸವನ್ನೂ ಬಲ್ಲವನು. ಆತನ ಅಕ್ಷರಜ್ಞಾನ ತನ್ನ ಹೆಸರನ್ನು ಹೇಗೋ ಬರೆಯುವಷ್ಟಕ್ಕೆ ಮುಗಿಯುತ್ತಿತ್ತು. ಇಂಥವನು ಬಾಳಿದ ಬಗೆ ನಮಗೆ ತಿಳಿಯುವುದು ಗುಮಾಸ್ತರು ಬರೆದಿಟ್ಟ ದಫ್ತರಗಳಿಂದ.

ಥಾಮಸ್ ಹುಟ್ಟಿದ್ದು 1778ರಲ್ಲಿ, ವರ್ಜೀನಿಯದಲ್ಲಿ. ಬೆಳೆದದ್ದು ಕೆಂಟಕಿಯಲ್ಲಿ. ಅಲ್ಲಿ ಒಂದೇ ಜಮೀನಿಗೆ ಹಲವರು ಹಕ್ಕುದಾರರು, ವ್ಯಾಜ್ಯಗಳಿಗೆ ಕೊನೆಯಿಲ್ಲ. ಬೇಸತ್ತು 1816ರಲ್ಲಿ ಇಂಡಿಯಾನಾಕ್ಕೆ ವಲಸೆ ಹೋದ. ಅಲ್ಲಿ ಸರಕಾರವೇ ಭೂಮಿಯನ್ನು ಅಳೆದು ಮಾರುತ್ತಿತ್ತು. 1827ರಲ್ಲಿ 80 ಎಕರೆಗೆ ಹಕ್ಕುಪತ್ರ ಕೈಗೆ ಬಂತು. 1830ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಇಲಿನಾಯ್‌ಗೆ ನಡೆದ. 1851ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಈ ಅಲೆದಾಟ ಹೊಸದಲ್ಲ.

ಹೀಗೆ ತಂದೆಯ ಹೆಸರು ಜಮೀನಿನ ಕಾಗದಗಳ ಜೊತೆಗೆ ಉಳಿಯಿತು. ತಾಯಿ ನ್ಯಾನ್ಸಿ ಹ್ಯಾಂಕ್ಸ್‌ಳ ಹೆಸರು? ಅಮೇರಿಕದಲ್ಲಿ ಜನಗಣತಿ 1790ರಲ್ಲೇ ಆರಂಭವಾಯಿತು. ಆದರೆ 1840ರವರೆಗೂ ಮನೆಯ ಯಜಮಾನನ ಹೆಸರಷ್ಟೇ ಬರೆದು, ಉಳಿದವರನ್ನು ತಲೆ ಎಣಿಸಿ ಬಿಡುತ್ತಿದ್ದರು. 1850ರಲ್ಲಿ ಮೊದಲ ಸಲ ಸ್ವತಂತ್ರ ಪ್ರಜೆಗಳೆಲ್ಲರ ಹೆಸರೂ ಬಂತು. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರುಗಳೆಲ್ಲ ಬರಲು 1870 ಆಗಬೇಕಾಯಿತು. ನ್ಯಾನ್ಸಿಯಾದರೋ 1818ರಲ್ಲೇ ತೀರಿಕೊಂಡಿದ್ದಳು. ವಿಷದ ಕಳೆ ಮೇಯ್ದ ಹಸುವಿನ ಹಾಲು ಕುಡಿದು ಬಂದ ಕಾಯಿಲೆ ಅದು. ಮಗನಿಗೆ ಆಗ ಒಂಬತ್ತು ವರ್ಷ. ಗಣತಿಯ ಪುಸ್ತಕದಲ್ಲಿ ಆಕೆ ಬರಿಯ ಒಂದು ಅಂಕಿ.

ಮಗ ದೊಡ್ಡವನಾಗಿ 1860ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಜನ ಅವರ ಕುಲಗೋತ್ರ ಕೆದಕತೊಡಗಿದರು. ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ (ನಮ್ಮ ತಾಲೂಕು ಇದ್ದಂತೆ ಎನ್ನಿ) ಬಹುಕಾಲ ಕ್ಲರ್ಕ್ ಆಗಿದ್ದ ಸ್ಯಾಮ್ಯುಯೆಲ್ ಹೇಕ್ರಾಫ್ಟ್ ಎಂಬವರೂ ವಿಚಾರಿಸಿ ಬರೆದರು. ಥಾಮಸ್ ಆ ಕೌಂಟಿಯಲ್ಲಿ 1819ರಲ್ಲಿ ಎರಡನೆಯ ಮದುವೆಯಾಗಿದ್ದ. ಲಿಂಕನ್ನರು ಉತ್ತರ ಬರೆದು, ಆಕೆ ತಮ್ಮ ಮಲತಾಯಿಯೆಂದೂ ಹೆತ್ತ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಎಂದೂ ತಿದ್ದಿದರು. ಆದರೆ ನ್ಯಾನ್ಸಿಯ ಮದುವೆಯ ದಾಖಲೆ ಆ ಕೌಂಟಿಯಲ್ಲಿ ಇರಲಿಲ್ಲ. ದಾಖಲೆಯಿಲ್ಲದ ಕಡೆ ಜನರ ನಾಲಿಗೆಗೆ ತಡೆಯುಂಟೇ? ಮದುವೆಯೇ ಆಗಿರಲಿಲ್ಲವೆಂದು ಆಡಿಕೊಂಡವರೂ ಇದ್ದರು. 1865ರಲ್ಲಿ ಲಿಂಕನ್ನರು ಕೊಲೆಯಾದರು, ಆಡಿಕೊಳ್ಳುವುದು ನಿಲ್ಲಲಿಲ್ಲ.

ಕೊನೆಗೆ 1878ರಲ್ಲಿ ನೆರೆಯ ವಾಷಿಂಗ್ಟನ್ ಕೌಂಟಿಯ ಕಚೇರಿಯ ಹಳೆಯ ಕಾಗದಗಳಲ್ಲಿ ಅದು ಸಿಕ್ಕಿತು. 1806ರ ಜೂನ್ 10ರಂದು ಬರೆದ ಮದುವೆಯ ಜಾಮೀನು ಪತ್ರ, ಥಾಮಸನ ರುಜು, ವಧುವಿನ ಪೋಷಕನೆಂದು ರಿಚರ್ಡ್ ಬೆರಿಯ ರುಜು. ಜೂನ್ 12ರಂದು ಮದುವೆ ಮಾಡಿಸಿದೆನೆಂದು ಪಾದ್ರಿ ಜೆಸ್ಸಿ ಹೆಡ್ ಕೊಟ್ಟ ವರದಿಯೂ ಇತ್ತು. ಎಲ್ಲವೂ ಕ್ರಮಬದ್ಧ. ಮದುವೆ ನಡೆದದ್ದು ಹೆಣ್ಣಿನ ಕಡೆಯವರ ಊರಿನಲ್ಲಿ. ಹುಡುಕಿದವರು ಗಂಡಿನ ಊರಿನಲ್ಲಿ ಹುಡುಕಿದ್ದರು!

ನಾವೂ ಸರಕಾರಿ ಕಚೇರಿಯಲ್ಲಿ ದಿನವಿಡೀ ಕಾಗದ ಕಟ್ಟಿಡುವವರೇ. ಇದನ್ನು ಯಾರು ಓದುತ್ತಾರೆ ಎಂದು ಎಷ್ಟೋ ಸಲ ಬೇಸರಿಸಿದ್ದುಂಟು. ಸತ್ತು ಅರವತ್ತು ವರ್ಷವಾದ ಮೇಲೆ ಒಬ್ಬ ತಾಯಿಯ ಮಾನ ಉಳಿಸಿದ್ದು ಹೀಗೆ ಕಟ್ಟಿಟ್ಟ ಒಂದು ಹಾಳೆ ಎಂದು ನೆನೆದರೆ ಆ ಬೇಸರ ತಗ್ಗುತ್ತದೆ.

ವಾಚಕರೂ ತಮ್ಮ ಮನೆಯ ಹಿರಿಯರನ್ನು ಇಂದೇ ಕೇಳಬೇಕು. ಉತ್ತರ ಕರ್ನಾಟಕದ ಕಡೆಯವರಾದರೆ, ವಂಶಾವಳಿ ಹೇಳುವ ಹೆಳವರು ನಿಮ್ಮ ಊರಿಗೆ ಈಗಲೂ ಬರುವರೇ ಎಂದು ವಿಚಾರಿಸಿರಿ. ಬರೆದುಕೊಳ್ಳುವಾಗ ಅಜ್ಜಿಯರ ಹೆಸರು, ಅವರ ತವರೂರು ಬಿಡಬೇಡಿರಿ. ಗಂಡಸಿನ ಹೆಸರು ಹೊಲದ ಜೊತೆ ಹೇಗೋ ಬರುತ್ತದೆ. ಹೆಣ್ಣಿನ ಹೆಸರು ತವರಿನಲ್ಲಿ ಉಳಿದುಬಿಡುತ್ತದೆ.

ನಾವು ದೊಡ್ಡಪ್ಪನವರಿಗೆ ಮತ್ತೆ ಫೋನು ಮಾಡಿ, ಈ ಸಲ ಮುತ್ತಜ್ಜಿಯ ತವರೂರು ಯಾವುದೆಂದು ಕೇಳಿದೆವು. ಅದು ಅವರಿಗೆ ತಟ್ಟನೆ ನೆನಪಾಯಿತು. ಬೇಸಗೆ ರಜೆಯಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೊರಟಿದ್ದೇವೆ.