ಊರು ಬಿಡಲಾರದವಳ ಕೂಲಿ

ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳಿಗೆ ಗುಳೆ ಹೊಸತಲ್ಲ. ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಇಡೀ ಕುಟುಂಬವೇ ಹೊರಡುವುದುಂಟು. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯೋ ಶಾಲೆಗೆ ಹೋಗುವ ಮಗುವೋ ಇದ್ದರೆ ಉಳಿಯುವವಳು ಹೆಂಗಸು. ಕೆಲಸವಿಲ್ಲದ ಗಂಡಸು ಬಸ್ಸು ಹತ್ತಬಲ್ಲ. ಅವಳಿಗೆ ಊರಿನಲ್ಲೇ ಕೂಲಿ ಸಿಗಬೇಕು.

2005ರ ಉದ್ಯೋಗ ಖಾತರಿ ಕಾಯ್ದೆ ಮುಖ್ಯವಾದದ್ದು ಇದಕ್ಕಾಗಿ. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೆ ಅದು 2006ರಲ್ಲಿ, ಬಳ್ಳಾರಿ ಜಿಲ್ಲೆಗೆ ಸೇರಿದ್ದ ಉಳಿದ ಊರುಗಳಿಗೆ 2007ರಲ್ಲಿ ಬಂತು. (ಈಗ ಐದೂ ವಿಜಯನಗರ ಜಿಲ್ಲೆಯಲ್ಲಿವೆ.) ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ, ಕೆಲಸ ಪಡೆಯುವವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಮಹಿಳೆಯರು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕನಿಷ್ಠ ಕಾಲು ಕೂಲಿ, ಆಮೇಲೆ ಅರ್ಧ. ರಾಜ್ಯದಲ್ಲಿ 2025-26ರ ಕೂಲಿ 370 ರೂಪಾಯಿ. ಆ ಲೆಕ್ಕದಲ್ಲಿ ದಿನಕ್ಕೆ 92.50, ಬಳಿಕ 185 ರೂಪಾಯಿ.

ಈ ಭತ್ಯೆಗೆ ಆಧಾರ ಒಂದು ಚೀಟಿ. ಅರ್ಜಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯದಿದ್ದರೆ ಹದಿನೈದು ದಿನವನ್ನು ಎಂದಿನಿಂದ ಎಣಿಸುವುದು? ಬಾಯಿಮಾತಿನಲ್ಲಿ ಕೆಲಸ ಕೇಳಿ ‘ನಾಳೆ ಬಾ’ ಎನ್ನಿಸಿಕೊಂಡು ಮರಳಿದವಳು ದಾಖಲೆಯ ಪ್ರಕಾರ ನಿರುದ್ಯೋಗಿಯೇ ಅಲ್ಲ.

ಮುಂದೆ ಬಂದ ಸುಧಾರಣೆಗಳು ಹೆಣ್ಣು-ಗಂಡೆಂದು ಭೇದ ಮಾಡಲಿಲ್ಲ. ಪರಿಣಾಮ ಮಾತ್ರ ಸಮವಾಗಿಲ್ಲ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಮೊಬೈಲಿನಲ್ಲೇ ಹಾಜರಿ ಹಾಕುವುದು ಕಡ್ಡಾಯವಾಯಿತು. ಸುಳ್ಳು ಹಾಜರಿ ತಡೆಯುವುದು ಉದ್ದೇಶ. ಆದರೆ ಬೆಳಿಗ್ಗೆಯೇ ಅಳತೆಯಷ್ಟು ಮಣ್ಣು ಅಗೆದು ಮುಗಿಸಿ, ಮಗುವಿಗೆ ಉಣಿಸಲು ಮನೆಗೆ ಓಡುವವಳು ಎರಡನೆಯ ಫೋಟೊಗಾಗಿ ಕಾಯಬೇಕಾಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸದನ್ನು ಒಪ್ಪಿತು. ಅದರಲ್ಲಿ ಖಾತರಿಯ ದಿನಗಳು 100ರಿಂದ 125ಕ್ಕೆ ಏರಿವೆ. ನಿರುದ್ಯೋಗ ಭತ್ಯೆಯೂ ಉಳಿದಿದೆ. ಜೊತೆಗೆ ಬಿತ್ತನೆ-ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಿಲ್ಲಿಸಬೇಕೆಂದಿದೆ. ಹೊಲಗಳಿಗೆ ಆಳು ಸಿಗಲೆಂದು ಈ ಏರ್ಪಾಡು. ಆದರೆ ಹೊಲದಲ್ಲಿ ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ. ಸಮಾನ ಕೂಲಿಯ ಕೆಲಸ ಊರಿನಲ್ಲೇ ಇದ್ದಾಗ ‘ಇಷ್ಟಕ್ಕೆ ಬರೋದಿಲ್ಲ’ ಎನ್ನಲು ಅವಳಿಗೆ ಧೈರ್ಯವಿರುತ್ತದೆ. ಆ ಅರವತ್ತು ದಿನ ಹಾಗೆನ್ನುವುದು ಕಷ್ಟ.

ಆದ್ದರಿಂದ ಸುಧಾರಣೆಯನ್ನು ತೂಗುವಾಗ ದಿನಗಳನ್ನೂ ರೂಪಾಯಿಗಳನ್ನೂ ಎಣಿಸಿದರಷ್ಟೇ ಸಾಲದು. ಊರು ಬಿಟ್ಟು ಹೋಗಲಾರದವಳಿಗೆ ಕೆಲಸ ಯಾವ ತಿಂಗಳಲ್ಲಿ, ಮನೆಯಿಂದ ಎಷ್ಟು ದೂರದಲ್ಲಿ ಸಿಗುತ್ತದೆ ಎಂದೂ ಕೇಳಬೇಕು.