ಅರಾಮಾದ ಮೇಲೂ ಗುಳಗಿ

ಮೊದಲು ಬರುವುದು ಜ್ವರ. ಊರ ಡಾಕ್ಟರು ಕೊಟ್ಟ ಔಷಧಕ್ಕೆ ಎರಡು ದಿನ ಇಳಿದು ಮೂರನೆಯ ದಿನ ಮತ್ತೆ ಏರುತ್ತದೆ. ಮಗು ಕಾಲುನೋವೆಂದು ಅಳುತ್ತದೆ, ಆಟ ಬಿಟ್ಟು ಅಜ್ಜಿಯ ತೊಡೆ ಹಿಡಿಯುತ್ತದೆ. ಬಿದ್ದದ್ದು ಯಾರಿಗೂ ನೆನಪಿಲ್ಲ, ಆದರೂ ಮೊಣಕಾಲ ಕೆಳಗೆ ನೀಲಿ ಕಲೆ. ಹಲ್ಲು ತಿಕ್ಕಿದರೆ ಒಸಡಿನಲ್ಲಿ ರಕ್ತ. ಮನೆಯವರು ದೃಷ್ಟಿ ತೆಗೆಯುತ್ತಾರೆ, ಚಿಂಚಲಿ ಮಾಯಕ್ಕನಿಗೆ ಹರಕೆ ಹೊರುತ್ತಾರೆ, ಟೈಫಾಯ್ಡ್ ಇರಬೇಕೆಂದು ಸಲಾಯಿನ್ ಹಚ್ಚಿಸುತ್ತಾರೆ. ಕೊನೆಗೆ ಯಾರೋ ಒಬ್ಬರು ರಕ್ತ ಪರೀಕ್ಷೆಗೆ ಬರೆದುಕೊಡುತ್ತಾರೆ. ವರದಿ ನೋಡಿದ ಡಾಕ್ಟರು ಹೇಳುವ ಮಾತು ಚಿಕ್ಕೋಡಿಯಲ್ಲೂ ಅಥಣಿಯಲ್ಲೂ ಹೆಚ್ಚುಕಡಿಮೆ ಒಂದೇ: "ಬೆಳಗಾವಿಗರ ಹೋಗ್ರಿ, ಮಿರಜಕ್ಕರ ಹೋಗ್ರಿ. ಆದ್ರ ಇವತ್ತ ಹೋಗ್ರಿ."

ಆ ಕಾಯಿಲೆಯ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸುವುದು ಇದೇ. ಅದರಲ್ಲೂ ಎರಡರಿಂದ ಐದು ವರ್ಷದ ಮಕ್ಕಳಲ್ಲಿ. ಎಲುಬಿನ ಮಜ್ಜೆಯಲ್ಲಿ ಎಳೆಯ ಬಿಳಿ ರಕ್ತಕಣಗಳು ಬಲಿಯದೆ ಬರೀ ಹೆಚ್ಚುತ್ತಾ ಹೋಗಿ, ಕೆಂಪು ಕಣಕ್ಕೂ ಪ್ಲೇಟ್‌ಲೆಟ್‌ಗೂ ಜಾಗವಿಲ್ಲದಂತೆ ಮಾಡುತ್ತವೆ. ಮಗು ಬಿಳಚಿಕೊಳ್ಳುವುದು, ಕಲೆ ಏಳುವುದು, ಜ್ವರ ಬಿಡದಿರುವುದು ಇದರಿಂದಲೇ. ಇದು ಅಂಟುವ ರೋಗವಲ್ಲ. ಬಸುರಿನಲ್ಲಿ ತಾಯಿ ತಿಂದದ್ದರಿಂದಲೋ, ಯಾರ ಪಾಪದಿಂದಲೋ ಬಂದದ್ದಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಮಗು ಆಸ್ಪತ್ರೆಯಲ್ಲಿರುವಾಗಲೂ ತಾಯಿಯ ಕಡೆ ಬೆರಳು ತೋರಿಸುವವರು ನಮ್ಮ ಮನೆಗಳಲ್ಲಿ ಇದ್ದಾರೆ. ಇನ್ನೊಂದು ಎಚ್ಚರಿಕೆ ಊರ ಡಾಕ್ಟರುಗಳಿಗೆ. ಕೀಲುನೋವೆಂದುಕೊಂಡು ರಕ್ತ ಪರೀಕ್ಷೆಗೆ ಮುಂಚೆಯೇ ಸ್ಟೆರಾಯ್ಡ್ ಕೊಟ್ಟರೆ ರೋಗ ಕೆಲವು ವಾರ ಅಡಗಿ ಕೂರುತ್ತದೆ. ಮಗು ಗೆಲುವಾದಂತೆ ಕಾಣುತ್ತದೆ, ಒಳಗೆ ಹೊತ್ತು ಮೀರುತ್ತಿರುತ್ತದೆ.

ಈ ಭಾಗದವರಿಗೆ ದವಾಖಾನೆಯ ದಾರಿ ಎಂದೂ ಒಂದೇ ಆಗಿಲ್ಲ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ. ಕಾಗವಾಡ, ಅಥಣಿಯವರು 1894ರಲ್ಲಿ ಡಾಕ್ಟರ್ ವಾನ್ಲೆಸ್ ಮಿಷನ್ ಆಸ್ಪತ್ರೆ ತೆರೆದಾಗಿನಿಂದಲೂ ಮಿರಜದ ಹಾದಿ ಹಿಡಿದವರು. ರಾಯಬಾಗ, ಕುಡಚಿ, ಶೇಡಬಾಳದ ಸ್ಟೇಷನ್ನುಗಳಲ್ಲಿ ರೈಲು ಹತ್ತುವ ರೋಗಿಗಳ ಮುಖ ಇಂದಿಗೂ ಹೆಚ್ಚಾಗಿ ಆ ಕಡೆಗೇ. ಕೈಮೀರಿದರೆ ಮುಂಬಯಿಯ ಟಾಟಾ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಅಮೆರಿಕದ ಮಿಸ್ಸಿಸ್ಸಿಪ್ಪಿಯಲ್ಲಿ ನೆಲೆಸಿದ್ದ ನಮ್ಮ ಜಿಲ್ಲೆಯವರೇ ಆದ ವೈದ್ಯ ಸಂಪತ್‌ಕುಮಾರ ಶಿವಣಗಿಯವರ ಹೆಸರು ಅದಕ್ಕಿದೆ. ಮರುತಿಂಗಳೇ ಅವರು ತೀರಿಕೊಂಡರು. ಮುಂಬಯಿ, ಬೆಂಗಳೂರಿನ ಫುಟ್‌ಪಾತು ಕಂಡ ಕುಟುಂಬಗಳಿಗೆ, ಹಗಲಲ್ಲಿ ಹೋಗಿ ರಾತ್ರಿ ಮನೆಗೆ ಮರಳಬಹುದಾದ ದೂರದಲ್ಲಿ ಕ್ಯಾನ್ಸರ್‌ಗೆಂದೇ ಒಂದು ಆಸ್ಪತ್ರೆ ಇರುವುದು ಸಣ್ಣ ಮಾತಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಬೆಳಗಾವಿಯವರೆಗೆ ಟಿಕೆಟ್ ಕೂಡ ಇಲ್ಲ.

ಮಿರಜ, ಕೊಲ್ಲಾಪುರ ಮಹಾರಾಷ್ಟ್ರದಲ್ಲಿರುವುದರಿಂದ ಗಡಿ ಮಾತ್ರ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ಕರ್ನಾಟಕದ ಆಯುಷ್ಮಾನ್ ಆರೋಗ್ಯ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೋಡಿಕೊಳ್ಳುತ್ತದೆ. 2023ರಲ್ಲಿ ಮಹಾರಾಷ್ಟ್ರ ತನ್ನ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯನ್ನು ತಾನು ಹಕ್ಕು ಸಾಧಿಸುತ್ತಿರುವ 865 ಗಡಿ ಹಳ್ಳಿಗಳಿಗೂ ವಿಸ್ತರಿಸಿದಾಗ ನಮ್ಮ ಸರ್ಕಾರ ಆಕ್ಷೇಪ ಎತ್ತಿತು. ರಾಜ್ಯದ ಮಾನದ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಆದರೆ ಮಗುವಿಗೆ ಯಾವ ಆಸ್ಪತ್ರೆ ಬೇಗ ಸಿಗುತ್ತದೋ ಅಲ್ಲಿ ಯಾವ ಕಾರ್ಡು ನಡೆಯುತ್ತದೆ ಎಂಬುದನ್ನು ಎರಡೂ ಸರ್ಕಾರಗಳು ಕೂತು ಬಗೆಹರಿಸಬೇಕು. ಅದನ್ನು ಅಪ್ಪನೊಬ್ಬ ಕೌಂಟರಿನಿಂದ ಕೌಂಟರಿಗೆ ಅಲೆದು ಕಂಡುಕೊಳ್ಳುವಂತಾಗಬಾರದು.

ಈಗ ಭರವಸೆಯ ಮಾತು. 1948ಕ್ಕೂ ಮುಂಚೆ ಈ ಕಾಯಿಲೆ ಬಂದ ಮಗು ಕೆಲವೇ ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಆ ವರ್ಷ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಆ ಔಷಧವನ್ನು ತಯಾರಿಸಿಕೊಟ್ಟದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಅದೇ ಜಾತಿಯ ಇನ್ನೊಂದು ಔಷಧ, ಮೆಥೊಟ್ರೆಕ್ಸೇಟ್, ಇವತ್ತಿಗೂ ವಾರಕ್ಕೊಮ್ಮೆ ನಮ್ಮ ಮಕ್ಕಳ ಬಾಯಿಗೆ ಬೀಳುತ್ತಿದೆ. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ, ವರ್ಷಗಟ್ಟಲೆ ಕೊಟ್ಟು ಅರ್ಧದಷ್ಟು ಮಕ್ಕಳನ್ನು ಗುಣಪಡಿಸಿ ತೋರಿಸಿದರು. ಇಂದು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಂದಿ ಬದುಕುತ್ತಾರೆ. ವಿಶೇಷವೆಂದರೆ, ಆ ಗೆಲುವಿನ ಬಹುಪಾಲು ಬಂದದ್ದು ಹಳೆಯ, ಅಗ್ಗದ, ಇಲ್ಲಿಯೂ ಸಿಗುವ ಔಷಧಗಳಿಂದಲೇ.

ಹಾಗಾದರೆ ನಮ್ಮ ಮಕ್ಕಳು ಎಲ್ಲಿ ತಪ್ಪಿಹೋಗುತ್ತಾರೆ? ಚಿಕಿತ್ಸೆ ಹೇಗೆ ನಡೆಯುತ್ತದೆಂದು ತಿಳಿದರೆ ಇದು ಗೊತ್ತಾಗುತ್ತದೆ. ಮೊದಲ ಒಂದು ತಿಂಗಳು ಸ್ಟೆರಾಯ್ಡ್, ವಿನ್‌ಕ್ರಿಸ್ಟಿನ್, ಅಸ್ಪರಾಜಿನೇಸ್, ಬೆನ್ನಿನಲ್ಲಿ ಕೊಡುವ ಇಂಜೆಕ್ಷನ್. ಮುಖ ಊದುತ್ತದೆ, ಹಸಿವು ವಿಪರೀತವಾಗುತ್ತದೆ, ಕೂದಲು ಉದುರುತ್ತದೆ. ತಿಂಗಳ ಕೊನೆಗೆ ಮಜ್ಜೆ ಪರೀಕ್ಷೆ ಮಾಡಿದರೆ ಬಹುತೇಕ ಮಕ್ಕಳಲ್ಲಿ ರೋಗ ಕಣ್ಣಿಗೆ ಕಾಣುವುದಿಲ್ಲ. ಮುಂದೆ ಕೆಲವು ತಿಂಗಳು ಬಿರುಸಿನ ಕೀಮೋ. ಆಮೇಲೆ ಮನೆಯಲ್ಲೇ ನುಂಗುವ ಗುಳಗಿಯ ಕಾಲ. ಒಟ್ಟು ಎರಡರಿಂದ ಎರಡೂವರೆ ವರ್ಷ.

ಈ ಗುಳಗಿಯ ಕಾಲವೇ ಗಂಡಾಂತರದ್ದು. ಮಗುವಿಗೆ ಕೂದಲು ಬಂದಿರುತ್ತದೆ, ಓಣಿಯಲ್ಲಿ ಓಡಾಡುತ್ತಿರುತ್ತದೆ. "ಕೂಸು ಅರಾಮ ಆಗೇತಲ್ರಿ, ಇನ್ಯಾಕ ಗುಳಗಿ?" ಅನ್ನುವವರು ಕೆಟ್ಟವರಲ್ಲ, ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಕೃಷ್ಣೆಯ ದಂಡೆಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವೇನಲ್ಲ. ಕಬ್ಬು ಕಡಿದು ಹೊಲ ಬಯಲಾದ ಮಾತ್ರಕ್ಕೆ ಕಬ್ಬು ಹೋಯಿತೆಂದಲ್ಲ. ನೆಲದೊಳಗಿನ ಕುಳೆ ನೀರು ಕಂಡರೆ ಮತ್ತೆ ಚಿಗುರುತ್ತದೆ. ಒಳಗೆ ಅಡಗಿದ ರೋಗವೂ ಹಾಗೆಯೇ, ಮರಳಿ ಬಂದ ರೋಗ ಮೊದಲ ರೋಗಕ್ಕಿಂತ ಹಟಮಾರಿ.

ಚಿಕಿತ್ಸೆ ಬಿಡುವವರು ಬಿಡುವುದು ಬರೀ ತಿಳಿಯದೆ ಅಲ್ಲ. ಕಾರ್ಖಾನೆಯ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಅಪ್ಪನಿಗೆ ಆ ಕೆಲವು ತಿಂಗಳ ದುಡಿಮೆಯೇ ವರ್ಷದ ಗಂಜಿ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ತಾಯಿ ಆಸ್ಪತ್ರೆಯಲ್ಲಿ ಕಳೆದ ದಿನಕ್ಕೆ ಕೂಲಿ ಇಲ್ಲ. ಔಷಧ ಯೋಜನೆಯಲ್ಲಿ ಬಂದರೂ ಗಾಡಿ ಬಾಡಿಗೆ, ಊಟ, ಮನೆಯಲ್ಲಿ ಬಿಟ್ಟುಬಂದ ಇನ್ನೆರಡು ಮಕ್ಕಳ ಚಿಂತೆ ಯಾವ ಯೋಜನೆಯಲ್ಲೂ ಇಲ್ಲ. ರೋಗಿ ಹೆಣ್ಣುಮಗುವಾದರೆ "ಸಾಕು ಬಿಡ್ರಿ" ಎನ್ನುವ ಮಾತು ಬೇಗ ಬರುತ್ತದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಾಲ್ಕು ವಾರ ಸತತವಾಗಿ ಬಾರದ ಮಗುವನ್ನು ವೈದ್ಯರು ಚಿಕಿತ್ಸೆ ಬಿಟ್ಟ ಲೆಕ್ಕಕ್ಕೆ ಸೇರಿಸುತ್ತಾರೆ. ಸುಗ್ಗಿಯೊಂದು ಬಂದರೆ ನಾಲ್ಕು ವಾರ ಹೋದದ್ದೇ ತಿಳಿಯುವುದಿಲ್ಲ.

ಹೊಸ ಸುದ್ದಿಗಳೂ ಇವೆ, ದೊಡ್ಡವೇ. ರೋಗದ ಕಣವನ್ನು ಹಿಡಿದು ದೇಹದ ಕಾವಲು ಕಣಕ್ಕೆ ಒಪ್ಪಿಸುವ ಬ್ಲಿನಾಟುಮೊಮಾಬ್ ಎಂಬ ಔಷಧವನ್ನು ಕೀಮೋ ಜೊತೆ ಸೇರಿಸಿದಾಗ, ಸಾಮಾನ್ಯ ಅಪಾಯದ ಮಕ್ಕಳಲ್ಲಿ ಮೂರು ವರ್ಷ ರೋಗವಿಲ್ಲದೆ ಉಳಿದವರು ಸುಮಾರು ಶೇ 88ರಿಂದ ಶೇ 96ಕ್ಕೆ ಏರಿದರೆಂದು 2024ರ ಡಿಸೆಂಬರಿನಲ್ಲಿ ಅಧ್ಯಯನವೊಂದು ತೋರಿಸಿತು. ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ (ರೋಗಿಯದೇ ಕಾವಲು ಕಣಗಳನ್ನು ತಿದ್ದಿ ಮರಳಿ ಕೊಡುವ) ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ವಿದೇಶದಲ್ಲಿ ಕೋಟಿಗಳ ಮಾತಾದದ್ದು ಇಲ್ಲಿ ಹತ್ತಾರು ಲಕ್ಷಕ್ಕೆ ಇಳಿಯಿತು. ಆದರೆ ಆ ಒಪ್ಪಿಗೆ 15 ವರ್ಷ ಮೇಲ್ಪಟ್ಟವರಿಗೆ, ಅದೂ ರೋಗ ಮರಳಿದವರಿಗೆ ಅಥವಾ ಔಷಧಕ್ಕೆ ಬಗ್ಗದವರಿಗೆ. ಮೊಬೈಲಿನಲ್ಲಿ ಈ ಸುದ್ದಿ ನೋಡಿ ಹೊಲ ಮಾರಲು ಹೊರಡುವ ಅಪ್ಪಂದಿರಿಗೆ ನಾನು ಹೇಳುವುದು ಒಂದೇ: ಮೊದಲ ಸಲದ ಚಿಕಿತ್ಸೆ ಪೂರ್ತಿ ಮುಗಿಸಿದರೆ ಹೆಚ್ಚಿನ ಮಕ್ಕಳಿಗೆ ಕಾರ್-ಟಿಯ ಅಗತ್ಯವೇ ಬೀಳುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು ಬಹಳವಿಲ್ಲ, ಆದರೆ ಮರೆಯುವಂತಿಲ್ಲ. ಮೈ ಬಿಸಿ 100.4 ಡಿಗ್ರಿ ದಾಟಿದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಬಿಳಿ ರಕ್ತಕಣದ ಕೌಂಟ್ ಬಿದ್ದ ಮಗುವಿಗೆ ಸೋಂಕು ಒಂದೇ ರಾತ್ರಿಯಲ್ಲಿ ಮಾರಕವಾಗಬಹುದು, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟನ್ನು ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೈಲಿನಲ್ಲಿ ರೋಗಿಗೂ ಜೊತೆಗಿರುವವರಿಗೂ ರಿಯಾಯಿತಿ ಇದೆ. ಮುಂಬಯಿಗೆ ಹೋಗಲೇಬೇಕಾದವರು ಟಾಟಾದ ಸಮಾಜ ಕಾರ್ಯಕರ್ತರ ಬಳಿ ಸೇಂಟ್ ಜೂಡ್ ಇಂಡಿಯಾ ಕೇಂದ್ರಗಳ ಬಗ್ಗೆ ಕೇಳಬೇಕು. ಚಿಕಿತ್ಸೆಗೆ ಬಂದ ಮಕ್ಕಳ ಕುಟುಂಬಗಳಿಗೆ 2006ರಿಂದ ಅಲ್ಲಿ ಉಚಿತ ವಸತಿ ಇದೆ.

ಉಳಿದದ್ದು ಊರಿನ ಪಾಲು. ಕ್ಷಯ ರೋಗಿ ಗುಳಗಿ ತಪ್ಪಿಸಿದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೇಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಆಗಲೇ ಇದೆ. ಲ್ಯುಕೇಮಿಯಾದ ಮಕ್ಕಳು ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಆ ಮಕ್ಕಳ ಪಟ್ಟಿಯೊಂದಿದ್ದು, ಬೆಳಗಾವಿಯ ಇಲ್ಲವೇ ಮಿರಜದ ಆಸ್ಪತ್ರೆ ಕೊಟ್ಟ ತಾರೀಕು ತಪ್ಪಿದ ಮರುದಿನವೇ "ಯಾಕ ಬರಲಿಲ್ರಿ, ಗಾಡಿ ಸಿಗಲಿಲ್ಲೇನು?" ಎಂದು ಕೇಳುವ ಒಂದು ಫೋನು ಹೋಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಈ ಹಂಗಾಮಿನ ಕಬ್ಬು ಕಡಿಯುವುದು ಶುರುವಾಗುವ ಮುಂಚೆಯೇ ಇದನ್ನು ಮಾಡಬಹುದು.